ನಡಿಗೆಯ ವೇಗದಲ್ಲಿ ಸವೆಯುವ ಕುಣಿಕೆ

ಆ ಚಿತ್ರದಲ್ಲಿ 14 ಪಿಟೀಲುಗಳಿವೆ, ಅಂದರೆ ಪಿಟೀಲಿನಾಕಾರದ ಗುರುತುಗಳು. 2023ರ ಜೂನ್ ಕೊನೆಯಲ್ಲಿ ಪಲ್ಸಾರ್ ಎಂಬ, ಗಡಿಯಾರದಂತೆ ತಪ್ಪದೆ ರೇಡಿಯೊ ಸ್ಪಂದ ಕಳಿಸುವ ನಕ್ಷತ್ರಗಳನ್ನು ಅಳೆದು ಗುರುತ್ವದ ಅಲೆ ಹುಡುಕುವ ನ್ಯಾನೊಗ್ರಾವ್ ತಂಡ 67 ಪಲ್ಸಾರ್‌ಗಳ 15 ವರ್ಷದ ದತ್ತಾಂಶವನ್ನು ಹೊರಗಿಟ್ಟಾಗ ಎಲ್ಲರ ಕಣ್ಣು ಹೋದದ್ದು ಹೆಲಿಂಗ್ಸ್–ಡೌನ್ಸ್ ಗೆರೆಯ ಮೇಲೆ. ಎರಡೆರಡು ಪಲ್ಸಾರ್‌ಗಳ ಸ್ಪಂದದ ಏರುಪೇರು ಎಷ್ಟು ತಾಳೆಯಾಗುತ್ತದೆ ಎಂದು ತೋರಿಸುತ್ತಾ, ಜೋಡಿಯ ನಡುವಿನ ಕೋನ ಹೆಚ್ಚಿದಂತೆ ಇಳಿದು, 80 ಡಿಗ್ರಿ ದಾಟುವ ಹೊತ್ತಿಗೆ ತಳ ಮುಟ್ಟಿ, ಮತ್ತೆ ಮೇಲೇರುವ ಗೆರೆ ಅದು. ಹಾಗೆ ಕಂಡರೆ ಅದು ಗುರುತ್ವದ ಅಲೆಯೇ. ಗಡಿಯಾರದ ತಪ್ಪೂ ಅಲ್ಲ, ಗುರುಗ್ರಹದ ಕಕ್ಷೆಯ ಲೆಕ್ಕದಲ್ಲಿನ ತಪ್ಪೂ ಅಲ್ಲ. ಸಂಭ್ರಮ ಸಹಜ. ಆದರೆ ಅಲೆಯನ್ನು ಎಬ್ಬಿಸಿದ್ದು ಯಾವುದು ಎಂಬ ಪ್ರಶ್ನೆಗೆ ಆ ಗೆರೆ ಏನನ್ನೂ ಹೇಳುವುದಿಲ್ಲ. ಅದಕ್ಕೆ ಪಿಟೀಲುಗಳ ಚಿತ್ರವನ್ನೇ ನೋಡಬೇಕು. ಒಂದೊಂದು ಆವರ್ತನಕ್ಕೆ ಒಂದೊಂದು ಪಿಟೀಲು. ಮೊದಲನೆಯದು 2 ನ್ಯಾನೊಹರ್ಟ್ಸ್‌ನಲ್ಲಿ, ಯಾಕೆಂದರೆ ಹೆಸರಿಗೆ 15 ವರ್ಷದ ದತ್ತಾಂಶವಾದರೂ ಒಟ್ಟು ಅವಧಿ 16 ವರ್ಷ, ಮತ್ತು 16 ವರ್ಷ ನೋಡಿದವರಿಗೆ 16 ವರ್ಷಕ್ಕೊಮ್ಮೆ ತೂಗುವ ಅಲೆಗಿಂತ ನಿಧಾನದ್ದು ಸರಿಯಾಗಿ ಸಿಗುವುದಿಲ್ಲ. ಪಿಟೀಲಿನ ಹೊಟ್ಟೆ ಎಲ್ಲಿ ದಪ್ಪವೋ ಅಲ್ಲಿ ಅಲೆಯ ಬಲ ಇರುವ ಸಾಧ್ಯತೆ ಹೆಚ್ಚು. ಎಡಗಡೆಯ ಕೆಲವಕ್ಕೆ ಒಳ್ಳೆಯ ಹೊಟ್ಟೆಯಿದೆ. ಬಲಕ್ಕೆ ಹೋದಂತೆ ಹಲವು ಬರೀ ಉದ್ದ ಬಾಲವಾಗಿ ಕೆಳಕ್ಕೆ ಇಳಿಬಿದ್ದಿವೆ. ಇಲ್ಲಿ ಏನೂ ಇಲ್ಲದೆಯೂ ಇರಬಹುದು ಎಂದು ಅದರರ್ಥ.

ಕಾಡುವ ವಿಷಯ ಇದು. ಈ ಪಿಟೀಲುಗಳ ಮೇಲೆ ಭಾರೀ ಕಪ್ಪುಕುಳಿ ಜೋಡಿಗಳ ಗೆರೆಯನ್ನೂ ಎಳೆಯಬಹುದು, ವಿಶ್ವದ ಮೊದಲ ಕ್ಷಣಗಳಲ್ಲಿ ಉಳಿದುಹೋದ ದೋಷಗಳ ಗೆರೆಯನ್ನೂ ಎಳೆಯಬಹುದು. ತಂತು, ಗೋಡೆ, ತುಂಡಾಗುವ ತಂತು ಹೀಗೆ ದೋಷದ ಹೆಸರು ಬದಲಾದರೂ ಗೆರೆಗಳು ಒಂದರ ಪಕ್ಕ ಒಂದು ಹಾದುಹೋಗುತ್ತವೆ. ಹಲವು ಲೇಖನಗಳು ಕೊನೆಯಲ್ಲಿ ಒಂದು ಅಂಕಿ ಕೊಟ್ಟು ಮುಗಿಸುತ್ತವೆ: ತಂತುವಿನ ಬಿಗಿತ ಇಷ್ಟು, ಗೋಡೆ ಕುಸಿದ ಉಷ್ಣತೆ ಇಷ್ಟು. ಆ ಅಂಕಿಗಿಂತ ಅದರ ಹಿಂದಿನ ಒಂದು ಊಹೆ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ತಂತುವಿನಿಂದ ತುಂಡಾಗಿ ಬೀಳುವ ಒಂದು ಕುಣಿಕೆ ಎಷ್ಟು ಕಾಲ ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬ ಊಹೆ ಅದು.

ಹೀಲಿಯಮ್‌ನಲ್ಲಿ ಕಂಡದ್ದು, ಕಾಣದೇ ಹೋದದ್ದು

ಟಾಮ್ ಕಿಬಲ್ 1976ರಲ್ಲಿ ಹೇಳಿದ ಮಾತು ಸರಳವಾಗಿತ್ತು. ವಿಶ್ವ ತಣಿಯುವಾಗ ಅದನ್ನು ತುಂಬಿಕೊಂಡ ಕ್ಷೇತ್ರವೊಂದು ಯಾವುದಾದರೂ ಒಂದು ದಿಕ್ಕನ್ನು ಆರಿಸಿಕೊಳ್ಳಬೇಕು. ಬೆಳಕು ಕೂಡ ಒಂದರಿಂದ ಇನ್ನೊಂದಕ್ಕೆ ತಲುಪಿರದಷ್ಟು ದೂರದ ಎರಡು ಜಾಗಗಳು ಒಂದೇ ದಿಕ್ಕನ್ನು ಆರಿಸಲು ಕಾರಣವೇ ಇಲ್ಲ. ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ದಿಕ್ಕು ಪೂರ್ತಿ ಒಂದು ಸುತ್ತು ತಿರುಗಿದ್ದರೆ, ಆ ಸುತ್ತಿನ ನಡುವೆ ಎಲ್ಲೋ ಒಂದು ಕಡೆ ಕ್ಷೇತ್ರಕ್ಕೆ ಯಾವ ದಿಕ್ಕೂ ಹೊಂದುವುದಿಲ್ಲ. ಅಲ್ಲಿ ಅದು ಹಳೆಯ ಬಿಸಿ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತದೆ. ಅದೇ ತಂತು, ಅಂದರೆ ಕಾಸ್ಮಿಕ್ ಸ್ಟ್ರಿಂಗ್. ಆಯ್ಕೆ ಬರೀ ಎರಡಿದ್ದರೆ ಗೋಡೆ ಬರುತ್ತದೆ, ಬೇರೊಂದು ಬಗೆಯಾದರೆ ಒಂದೇ ಕಾಂತಧ್ರುವವಿರುವ ಚುಕ್ಕಿಯಂಥ ಏಕಧ್ರುವ ಬರುತ್ತದೆ.

ಇದು ಬರೀ ಕಾಗದದ ಮೇಲಿನ ಮಾತೇ? 1985ರಲ್ಲಿ ವೊಯ್ಚೆಕ್ ಜುರೆಕ್ ದ್ರವ ಹೀಲಿಯಮ್‌ನಲ್ಲಿ ಪರೀಕ್ಷಿಸಿ ಎಂದರು. ಹೀಲಿಯಮ್-4 ಸುಮಾರು 2.17 ಕೆಲ್ವಿನ್‌ನಲ್ಲಿ ಸೂಪರ್‌ಫ್ಲೂಯಿಡ್ (ಅಂಟಿಲ್ಲದೆ ಹರಿಯುವ ದ್ರವ) ಆಗುವಾಗಲೂ ಇದೇ ಬಗೆಯ ಆಯ್ಕೆ ನಡೆಯುತ್ತದೆ. ತಂತುವಿನ ಜಾಗದಲ್ಲಿ ಅಲ್ಲಿ ಸುಳಿಗಳು ಹುಟ್ಟಬೇಕು. 1994ರಲ್ಲಿ ಲ್ಯಾಂಕಾಸ್ಟರ್‌ನ ಗುಂಪು ಅದನ್ನು ಮಾಡಿತು. ಹಿಗ್ಗುವ ಕೋಶವೊಂದರಲ್ಲಿ ಹೀಲಿಯಮ್ ತುಂಬಿ, ಒತ್ತಡದಲ್ಲಿಟ್ಟು, ಥಟ್ಟನೆ ಹಿಗ್ಗಿಸಿ ಗಡಿ ದಾಟಿಸಿದರು. ಸುಳಿಗಳಿದ್ದರೆ ‘ಎರಡನೇ ಸದ್ದು’ ಎಂದು ಕರೆಯುವ ಉಷ್ಣದ ಅಲೆ ಅವಕ್ಕೆ ಬಡಿದು ಕುಗ್ಗುತ್ತದೆ. ಕುಗ್ಗಿತು. ಸುಳಿಗಳು ಸಿಕ್ಕಿವೆ ಎಂದು ಪ್ರಕಟವೂ ಆಯಿತು. ಆದರೆ ಒಂದು ಸಂಶಯ ಉಳಿಯಿತು: ಕೋಶಕ್ಕೆ ಹೀಲಿಯಮ್ ತುಂಬುವ ಸಣ್ಣ ಕೊಳವೆಯ ಬಾಯಿಯಲ್ಲಿ, ಹಿಗ್ಗುವ ಹೊತ್ತಿಗೆ ದ್ರವ ನುಗ್ಗಿದರೆ ಅದರಿಂದಲೇ ಸುಳಿ ಏಳಬಹುದಲ್ಲ? ಅದೇ ಗುಂಪು ಕೋಶವನ್ನು ಮತ್ತೆ ಕಟ್ಟಿತು, ಆ ದಾರಿಯಿಂದ ಹರಿವು ಬಾರದಂತೆ ನೋಡಿಕೊಂಡಿತು. 1998ರಲ್ಲಿ ಬಂದ ಫಲಿತಾಂಶದಲ್ಲಿ ಸುಳಿಯ ಸುಳಿವೇ ಇರಲಿಲ್ಲ. ತಮ್ಮದೇ ಫಲಿತಾಂಶವನ್ನು ತಾವೇ ಬಿಡಿಸಿ ನೋಡಿ, ಇಲ್ಲ ಎಂದು ಅಷ್ಟೇ ಸ್ಪಷ್ಟವಾಗಿ ಬರೆದ ಆ ಎರಡನೇ ಲೇಖನದ ಮೇಲೆ ನನಗೆ ಮೊದಲನೆಯದಕ್ಕಿಂತ ಹೆಚ್ಚು ಗೌರವ.

ಈ ನಡುವೆ 1996ರಲ್ಲಿ ಹೀಲಿಯಮ್-3 ಬೇರೆಯದೇ ದಾರಿ ತೋರಿಸಿತ್ತು. ಅದು ಸೂಪರ್‌ಫ್ಲೂಯಿಡ್ ಆಗುವುದು ಕೆಲ್ವಿನ್‌ನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಉಷ್ಣತೆಯಲ್ಲಿ. ಒಂದು ನ್ಯೂಟ್ರಾನ್ ಬಂದು ಹೀಲಿಯಮ್-3ರ ಬೀಜದೊಳಗೆ ಸೇರಿದರೆ ಅದು ಪ್ರೋಟಾನ್ ಮತ್ತು ಟ್ರೈಟಾನ್ ಆಗಿ ಒಡೆದು 764 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬಿಡುತ್ತದೆ. ಕೂದಲೆಳೆಯ ದಪ್ಪದಷ್ಟು ಜಾಗ ಬಿಸಿಯಾಗಿ ಸಾಮಾನ್ಯ ದ್ರವವಾಗುತ್ತದೆ, ಮೈಕ್ರೊಸೆಕೆಂಡುಗಳಲ್ಲಿ ಮತ್ತೆ ತಣಿಯುತ್ತದೆ. ಬೇಕಾದದ್ದು ಇದೇ: ಚಿಕ್ಕ ಜಾಗ, ಮಿಂಚಿನ ತಣಿವು, ಯಾವ ಕೊಳವೆಯ ಗೊಡವೆಯೂ ಇಲ್ಲ. ಗ್ರೆನೋಬಲ್‌ನಲ್ಲಿ ಶಕ್ತಿಯ ಲೆಕ್ಕ ಹಿಡಿದರು. 764ರಲ್ಲಿ ಒಂದು ಪಾಲು ಉಷ್ಣವಾಗಿ ಹೊರಬರಲೇ ಇಲ್ಲ, ಸುಳಿಗಳಲ್ಲಿ ಉಳಿದಿತ್ತು. ಹೆಲ್ಸಿಂಕಿಯಲ್ಲಿ ಪಾತ್ರೆಯನ್ನೇ ತಿರುಗಿಸಿದರು. ನ್ಯೂಟ್ರಾನ್ ಬಿದ್ದ ಕಡೆ ಹುಟ್ಟಿದ ಸುಳಿಗಳಲ್ಲಿ ದೊಡ್ಡವು ಹರಿವಿಗೆ ಸಿಕ್ಕಿ ಬೆಳೆದು ನೇರ ಸುಳಿಗಳಾದವು, ಅವನ್ನು ಕಾಂತೀಯ ಅನುರಣನದ ವಿಧಾನವಾದ ಎನ್‌ಎಂಆರ್‌ನಿಂದ ಎಣಿಸಿದರು. ದೋಷಗಳು ಹುಟ್ಟುತ್ತವೆ ಎಂಬುದು ಅಲ್ಲಿಗೆ ಗಟ್ಟಿಯಾಯಿತು. ಹುಟ್ಟಿದ ಮೇಲೆ ಅವು ಎಷ್ಟು ಕಾಲ ಉಳಿಯುತ್ತವೆ ಎಂಬುದು ಬೇರೆಯದೇ ಪ್ರಶ್ನೆ. ಲ್ಯಾಂಕಾಸ್ಟರ್‌ನ ಎರಡನೇ ಪ್ರಯೋಗಕ್ಕೆ ಕೊಟ್ಟ ವಿವರಣೆಗಳಲ್ಲಿ ಒಂದು ಇದೇ: ಸುಳಿಗಳು ಹುಟ್ಟಿರಬಹುದು, ಆದರೆ ಅಳೆಯುವ ಮೊದಲೇ ಕರಗಿಹೋಗಿರಬಹುದು. ಆಕಾಶದಲ್ಲೂ ಇದೇ ತೊಡಕು ಕಾದಿದೆ.

ಒಂದು ಜೋಡಿ ಗೆಲಾಕ್ಸಿ

ತಂತುವಿನ ಬಗ್ಗೆ ಎಲ್ಲ ಲೆಕ್ಕವೂ ನಿಂತಿರುವುದು ಜಿ-ಮ್ಯೂ ಎಂಬ ಒಂದೇ ಸಂಖ್ಯೆಯ ಮೇಲೆ: ಒಂದು ಮೀಟರ್ ತಂತುವಿನ ತೂಕವನ್ನು ಗುರುತ್ವದ ಅಳತೆಗೋಲಿನಲ್ಲಿ ಹೇಳುವ, ಮೂಲಮಾನವಿಲ್ಲದ ಸಂಖ್ಯೆ. ತಂತುವಿನ ಬಿಗಿತ ಎಂದರೂ ಇದೇ. ನೇರ ತಂತುವೊಂದು ತನ್ನ ಸುತ್ತಲಿನ ಜಾಗದಿಂದ ಒಂದು ಸಣ್ಣ ಕೋನವನ್ನು ಕತ್ತರಿಸಿ ಹೊಲಿದಂತೆ ಮಾಡುತ್ತದೆ. ಹಿಂದಿರುವ ಗೆಲಾಕ್ಸಿಯ ಬೆಳಕು ಎರಡೂ ಬದಿಯಿಂದ ಬಂದು ಎರಡು ಪ್ರತಿಬಿಂಬ ಕಾಣುತ್ತವೆ. ಮಾಮೂಲಿ ಗುರುತ್ವ ಮಸೂರದ ಹಾಗೆ ಇವು ಬಾಗಿ ಹಿಗ್ಗುವುದಿಲ್ಲ, ಅಚ್ಚೊತ್ತಿದಂತೆ ಒಂದೇ ರೀತಿ ಇರುತ್ತವೆ. ತಂತು ಹಾಯುವ ಕಡೆ ಮಾತ್ರ ಅಂಚು ಕತ್ತಿಯಿಂದ ಕೊಯ್ದಂತೆ ನೇರ.

2003ರಲ್ಲಿ ನೇಪಲ್ಸ್‌ನ ಕಾಪೊಡಿಮೊಂಟೆ ಮತ್ತು ಮಾಸ್ಕೊದ ಸ್ಟರ್ನ್‌ಬರ್ಗ್ ಸಂಸ್ಥೆಯವರು ಸೇರಿ ಅಂಥದ್ದೊಂದು ಜೋಡಿಯನ್ನು ಮುಂದಿಟ್ಟರು. ಸಿಎಸ್‌ಎಲ್-1 ಎಂದು ಹೆಸರು. ಸುಮಾರು 2 ಆರ್ಕ್‌ಸೆಕೆಂಡ್ ಅಂತರದಲ್ಲಿ ಎರಡು ಗೆಲಾಕ್ಸಿ, ಒಂದೇ ಆಕಾರ, ಒಂದೇ ಹೊಳಪು, ಒಂದೇ ಕೆಂಪು ಪಲ್ಲಟ, ಅಂದರೆ ಒಂದೇ ದೂರ. ರೋಹಿತಗಳೂ ತಾಳೆಯಾದವು. ಜಿ-ಮ್ಯೂ 4×10⁻⁷ ಇದ್ದರೆ ಇದು ಬರಬೇಕಾದ್ದೇ. ಭೂಮಿಯ ಮೇಲಿನ ದೂರದರ್ಶಕಗಳಿಗೆ ಆ ಕೊಯ್ದ ಅಂಚು ಇದೆಯೋ ಇಲ್ಲವೋ ಎಂದು ಬಿಡಿಸಿ ನೋಡುವ ಶಕ್ತಿ ಇರಲಿಲ್ಲ. 2006ರ ಜನವರಿಯಲ್ಲಿ ಹಬಲ್ ನೋಡಿತು. ಅಂಚು ಇರಲಿಲ್ಲ. ಎರಡರ ಹೊರಮೈಯೂ ಒಂದರತ್ತ ಒಂದು ಎಳೆದಂತೆ ತಿರುಚಿತ್ತು. ಅವು ಅಕ್ಕಪಕ್ಕದಲ್ಲೇ ಇದ್ದು ಪರಸ್ಪರ ಸೆಳೆಯುತ್ತಿದ್ದ ಎರಡು ಬೇರೆ ಗೆಲಾಕ್ಸಿಗಳು.

ಪ್ಲಾಂಕ್ ಉಪಗ್ರಹ ಅಳೆದ ಹಿನ್ನೆಲೆ ವಿಕಿರಣ ಬಂದ ಮೇಲೆ 10⁻⁷ಕ್ಕಿಂತ ಭಾರದ ತಂತುಗಳಿಗೆ ಜಾಗ ಉಳಿದಿಲ್ಲ ಎನ್ನಬಹುದು. ಹಾಗಾದರೆ ಮಸೂರದ ಕೋನ ಅರ್ಧ ಆರ್ಕ್‌ಸೆಕೆಂಡಿಗೂ ಕೆಳಗೆ ಹೋಯಿತು. ಇಲ್ಲೇ ಗುರುತ್ವದ ಅಲೆಯ ಬೆಲೆ ಗೊತ್ತಾಗುವುದು. ಮಸೂರದ ಕೋನ ಜಿ-ಮ್ಯೂವಿಗೆ ನೇರ ಅನುಪಾತದಲ್ಲಿದೆ; ಅಲೆಗಳ ಒಟ್ಟು ಶಕ್ತಿ, ಹೆಚ್ಚಿನ ಆವರ್ತನಗಳಲ್ಲಿ, ಜಿ-ಮ್ಯೂವಿನ ವರ್ಗಮೂಲದ ಅನುಪಾತದಲ್ಲಿದೆ. ತಂತು 10 ಲಕ್ಷ ಪಟ್ಟು ಹಗುರವಾದರೆ ಕೋನ 10 ಲಕ್ಷ ಪಟ್ಟು ಕುಗ್ಗುತ್ತದೆ, ಅಲೆಯ ಶಕ್ತಿ ಸಾವಿರ ಪಟ್ಟು ಮಾತ್ರ. ಯಾಕೆ ಹೀಗೆ? ಹಗುರ ತಂತುವಿನ ಕುಣಿಕೆ ಹೆಚ್ಚು ಕಾಲ ಬದುಕುತ್ತದೆ, ಅದಕ್ಕೇ.

ಒಂದು ಕುಣಿಕೆಯ ಲೆಕ್ಕ

ಜಿ-ಮ್ಯೂ 10⁻¹⁰ ಎಂದಿಟ್ಟುಕೊಳ್ಳೋಣ. ಆಗ ತಂತುವಿನ ಒಂದು ಮೀಟರಿಗೆ ಸುಮಾರು 1.35×10¹⁷ ಕಿಲೋಗ್ರಾಂ ತೂಕ. 540 ಕಿಲೋಮೀಟರ್ ಉದ್ದಕ್ಕೆ ನಮ್ಮ ಚಂದ್ರನ ತೂಕ. ದಪ್ಪ ಮಾತ್ರ ಪ್ರೋಟಾನಿಗಿಂತ ಕೋಟಿ ಕೋಟಿ ಪಟ್ಟು ಸಣ್ಣದು. ಉದ್ದ ತಂತುಗಳು ಒಂದನ್ನೊಂದು ಹಾಯುವಾಗ ತುದಿಗಳು ಅದಲು ಬದಲಾಗಿ ಕೂಡಿಕೊಳ್ಳುತ್ತವೆ. ತಂತು ತನ್ನನ್ನೇ ತಾನು ಹಾದರೆ ಒಂದು ಕುಣಿಕೆ ತುಂಡಾಗಿ ಬೀಳುತ್ತದೆ. ಹೀಗೆ ಬೀಳದೇ ಹೋದರೆ ವಿಶ್ವದಲ್ಲಿ ತಂತುಗಳದ್ದೇ ಭಾರ ಹೆಚ್ಚಾಗಿ ಉಳಿದದ್ದೆಲ್ಲ ಕೆಡುತ್ತಿತ್ತು. ಸಿಮ್ಯುಲೇಶನ್‌ಗಳ ಪ್ರಕಾರ ದೊಡ್ಡ ಕುಣಿಕೆಯ ಉದ್ದ ಆಗಿನ ವಿಶ್ವದ ವಯಸ್ಸಿನಲ್ಲಿ ಬೆಳಕು ಹೋಗುವ ದೂರದ ಹತ್ತನೇ ಒಂದು ಪಾಲು.

ಕುಣಿಕೆ ಹುಟ್ಟಿದಾಗಿನಿಂದ ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ತೂಗಾಡುತ್ತದೆ. ಅದು ಗುರುತ್ವದ ಅಲೆಯಾಗಿ ಕಳೆದುಕೊಳ್ಳುವ ಶಕ್ತಿಯ ಸೂತ್ರದಲ್ಲಿ ಕುಣಿಕೆಯ ಉದ್ದ ಬರುವುದೇ ಇಲ್ಲ: ಗಾತ್ರ ಎಷ್ಟೇ ಇರಲಿ, ಸೂತ್ರದ ಗುಣಕ ಸುಮಾರು 50. ನಮ್ಮ ಉದಾಹರಣೆಯಲ್ಲಿ ಇದು ಹತ್ತಿರಹತ್ತಿರ 5 ಕೋಟಿ ಸೂರ್ಯರ ಹೊಳಪು. ಇಷ್ಟು ಕಳೆದುಕೊಂಡಾಗ ಕುಣಿಕೆ ಎಷ್ಟು ಬೇಗ ಸವೆಯುತ್ತದೆ? 50ನ್ನು 10⁻¹⁰ರಿಂದ ಗುಣಿಸಿ, ಬೆಳಕಿನ ವೇಗದಿಂದ ಗುಣಿಸಿ. ಸೆಕೆಂಡಿಗೆ ಒಂದೂವರೆ ಮೀಟರ್. ಬಿರುಸಾಗಿ ನಡೆಯುವವರ ವೇಗ.

ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಆ ಒಂದೂವರೆ ಮೀಟರಿನ ಹತ್ತಿರ ಮನಸ್ಸು ನಿಲ್ಲುತ್ತದೆ. ಇಡೀ ವಿಶ್ವದ ವಯಸ್ಸು, 1,380 ಕೋಟಿ ವರ್ಷ, ಈ ನಡಿಗೆಯಲ್ಲಿ ಸವೆದರೆ ಮುಗಿಯುವ ಉದ್ದ 69 ಜ್ಯೋತಿರ್ವರ್ಷ. ಅಂದರೆ ಇವತ್ತು ಕೊನೆಯುಸಿರೆಳೆಯುತ್ತಿರುವ ಕುಣಿಕೆ ಹುಟ್ಟಿದಾಗ 69 ಜ್ಯೋತಿರ್ವರ್ಷ ಉದ್ದವಿತ್ತು. ಹತ್ತನೇ ಒಂದು ಪಾಲಿನ ನಿಯಮ ಹಿಡಿದರೆ ಅದು ಹುಟ್ಟಿದ್ದು ವಿಶ್ವಕ್ಕೆ 690 ವರ್ಷವಾಗಿದ್ದಾಗ. ನಕ್ಷತ್ರಗಳಿಲ್ಲ, ಪರಮಾಣುಗಳೂ ಕೂಡಿರಲಿಲ್ಲ. ಅಷ್ಟು ಉದ್ದದ ಕುಣಿಕೆ ಒಮ್ಮೆ ತೂಗಲು ಬೇಕಾದದ್ದು 34 ವರ್ಷಕ್ಕೂ ಮೇಲೆ, ಆವರ್ತನ 1 ನ್ಯಾನೊಹರ್ಟ್ಸ್‌ಗೆ ತುಸು ಕಡಿಮೆ. ಪಲ್ಸಾರ್‌ಗಳು ಕೇಳುವ ಪಟ್ಟಿಯ ಹೊಸ್ತಿಲಲ್ಲೇ. ಜಿ-ಮ್ಯೂ 10⁻¹¹ ಎಂದರೆ ಉದ್ದ 7 ಜ್ಯೋತಿರ್ವರ್ಷಕ್ಕೆ ಇಳಿದು ಆವರ್ತನ 9 ನ್ಯಾನೊಹರ್ಟ್ಸ್‌ಗೆ ಏರುತ್ತದೆ. ತಂತು ಹಗುರವಾದಷ್ಟೂ ಸ್ವರ ಮೇಲಕ್ಕೆ.

ಇದರಿಂದ, ಯಾವ ಆವರ್ತನದಲ್ಲಿ ಎಷ್ಟು ಅಲೆ ಎಂದು ಹೇಳುವ ರೋಹಿತದ ಆಕಾರ ತಾನಾಗಿ ಬರುತ್ತದೆ. ಇವತ್ತು ಸಾಯುತ್ತಿರುವ ಕುಣಿಕೆಗಳ ಆವರ್ತನದ ಆಸುಪಾಸಿನಲ್ಲಿ ಒಂದು ಗುಡ್ಡ. ಅದರ ಎಡಕ್ಕೆ, ಕಡಿಮೆ ಆವರ್ತನದ ಕಡೆಗೆ, ಇಳಿಜಾರು: ಆವರ್ತನದ ಒಂದೂವರೆ ಘಾತದಂತೆ. ಬಲಕ್ಕೆ ಉದ್ದಕ್ಕೂ ಬಯಲು. ವಿಕಿರಣದ ಕಾಲದಲ್ಲೇ ಹುಟ್ಟಿ ಸತ್ತ ಕುಣಿಕೆಗಳ ಸದ್ದು ಅದು. ಬಯಲು ಸಮತಟ್ಟಾಗಿರುವುದೇ ವಿಶೇಷ. ಮೊದಲ ಕ್ಷಣಗಳಲ್ಲಿ ವಿಶ್ವ ಬೇರೆ ರೀತಿ ಹಿಗ್ಗಿದ್ದರೆ ಬಯಲಿನ ಬಲತುದಿ ಬಾಗುತ್ತದೆ. ಕುಣಿಕೆಯ ಚೂಪು ತುದಿಗಳಿಂದ ಬರುವ ಚಾವಟಿಯೇಟಿನಂಥ ಸಿಡಿತಗಳ ಬಗ್ಗೆ ಡಾಮೂರ್ ಮತ್ತು ವಿಲೆಂಕಿನ್ 2000ದ ಸುಮಾರಿಗೆ ಮಾಡಿದ ಲೆಕ್ಕ ಬಹಳ ಚೆಂದದ್ದು. ಅದಕ್ಕೆ ಬೇರೆಯದೇ ಬರಹ ಬೇಕು, ಇಲ್ಲಿ ಬಿಡುತ್ತೇನೆ.

ಓರೆ ಬದಲಾದ ಮೂರು ವರ್ಷ

ಈಗ ಪಿಟೀಲುಗಳಿಗೆ ಮರಳೋಣ. ಪಲ್ಸಾರ್ ಕೆಲಸದವರು ರೋಹಿತದ ಓರೆಯನ್ನು ಗಾಮಾ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಅಲೆಗಳ ಶಕ್ತಿ ಆವರ್ತನದ (5 ಕಳೆ ಗಾಮಾ) ಘಾತದಂತೆ ಏರುತ್ತದೆ. ವೃತ್ತದ ಕಕ್ಷೆಯಲ್ಲಿ ಸುತ್ತುತ್ತಾ ಅಲೆಗಳಿಂದಲೇ ಹತ್ತಿರ ಬರುವ ಕಪ್ಪುಕುಳಿ ಜೋಡಿಗಳಿಗೆ ಗಾಮಾ 13/3. ಬಯಲಿನ ಮೇಲಿರುವ ತಂತುಗಳಿಗೆ ಸುಮಾರು 5.

2020ರ ಸೆಪ್ಟೆಂಬರ್‌ನಲ್ಲಿ ನ್ಯಾನೊಗ್ರಾವ್‌ನ 12.5 ವರ್ಷದ ದತ್ತಾಂಶ ಬಂದಾಗ, ಅತಿ ಕಡಿಮೆಯ 5 ಆವರ್ತನಗಳಲ್ಲಿ ಕಂಡ ಸದ್ದಿನ ಗಾಮಾ 5ರ ಮೇಲೆ ಒಲಿದಿತ್ತು. ವಾರಗಳೊಳಗೆ ತಂತುಗಳ ಲೇಖನಗಳು ಬಂದವು, 10⁻¹⁰ರ ಆಸುಪಾಸಿನ ಜಿ-ಮ್ಯೂ ಚೆನ್ನಾಗಿ ಹೊಂದಿತು. 2023ರಲ್ಲಿ 14 ಆವರ್ತನ ಬಳಸಿ ನೋಡಿದಾಗ ಗಾಮಾ 3.2ಕ್ಕೆ ಇಳಿಯಿತು. ಅಂದರೆ ಶಕ್ತಿ ಆವರ್ತನದ 1.8 ಘಾತದಂತೆ ಏರುತ್ತಿದೆ. ಮಾಮೂಲಿ ತಂತು ಇಲ್ಲಿ ಇಕ್ಕಟ್ಟಿಗೆ ಸಿಕ್ಕಿತು. ಬಲ ಸರಿಬರಬೇಕೆಂದರೆ ಜಿ-ಮ್ಯೂ 10⁻¹⁰ರ ಹತ್ತಿರ ಇರಬೇಕು; ಆಗ ಗುಡ್ಡದ ನೆತ್ತಿಯೇ ಪಲ್ಸಾರ್ ಪಟ್ಟಿಯ ಬಾಗಿಲಲ್ಲಿ ಕೂತು ಒಳಗೆ ಬರೀ ಬಯಲು ಬರುತ್ತದೆ. ಏರು ಬೇಕೆಂದರೆ ಜಿ-ಮ್ಯೂ ಇಳಿಸಿ ಗುಡ್ಡವನ್ನು ಬಲಕ್ಕೆ ತಳ್ಳಬೇಕು. ಆಗ ಸದ್ದೇ ಸಾಲದು. ಅದನ್ನು ಹಿಡಿದರೆ ಇದಿಲ್ಲ, ಇದನ್ನು ಹಿಡಿದರೆ ಅದಿಲ್ಲ.

ಹಾಗೆಂದು 3.2ನ್ನು ಕಲ್ಲಿನ ಮೇಲೆ ಕೆತ್ತಿದಂತೆ ನೋಡಬಾರದು. ಗಾಮಾ ಎಷ್ಟು ಸೂಕ್ಷ್ಮ ಎನ್ನುವುದು ಒಳಗಿನ ಕೆಲಸ ನೋಡಿದರೆ ತಿಳಿಯುತ್ತದೆ. ಪ್ರತಿ ಪಲ್ಸಾರ್‌ನ ತಿರುಗುವ ವೇಗ ಮತ್ತು ಅದು ನಿಧಾನವಾಗುವ ದರವನ್ನು ಮೊದಲು ದತ್ತಾಂಶಕ್ಕೇ ಹೊಂದಿಸಿ ಕಳೆಯಬೇಕು. ಆಗ ಅತಿ ನಿಧಾನದ ಅಲೆಯ ಒಂದು ಪಾಲೂ ಅದರ ಜತೆ ಹೋಗುತ್ತದೆ. ಆಕಾಶದಲ್ಲಿ ಅದರ ಸ್ಥಾನ ಹೊಂದಿಸುವಾಗ ವರ್ಷಕ್ಕೊಮ್ಮೆ ತೂಗುವುದೆಲ್ಲ ಹೋಗುತ್ತದೆ, 32 ನ್ಯಾನೊಹರ್ಟ್ಸ್‌ನಲ್ಲಿ ಕಿವಿ ಮಂದ. ನಡುವಿನ ಎಲೆಕ್ಟ್ರಾನ್‌ಗಳು ರೇಡಿಯೊ ಅಲೆಯನ್ನು ತಡಮಾಡುತ್ತವೆ, ಕಡಿಮೆ ಆವರ್ತನವನ್ನು ಹೆಚ್ಚು. ಈ ತಡ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಸೂರ್ಯಮಾರುತವೂ ಸೇರುತ್ತದೆ. ಈ ತಡವನ್ನು ಬಿಡಿ ಬಿಡಿ ತುಂಡುಗಳಾಗಿ ಕಳೆಯುವ ಬದಲು ಒಂದು ನಯವಾದ ಯಾದೃಚ್ಛಿಕ ಪ್ರಕ್ರಿಯೆಯಾಗಿ ಕಳೆದರೆ, ಅದೇ ದತ್ತಾಂಶದ ಗಾಮಾ 13/3ರತ್ತ ಸರಿಯುತ್ತದೆ. ಪಲ್ಸಾರ್‌ಗಳೂ ಯಾವಾಗಲೂ ಒಂದೇ ರೀತಿ ಇರುವುದಿಲ್ಲ. ಅತ್ಯುತ್ತಮ ಗಡಿಯಾರಗಳಲ್ಲಿ ಒಂದೆಂದು ನಂಬಿದ್ದ ಜೆ1713+0747ರ ಸ್ಪಂದದ ಆಕಾರವೇ 2021ರ ಏಪ್ರಿಲ್‌ನಲ್ಲಿ ಥಟ್ಟನೆ ಬದಲಾಗಿ, ಮತ್ತೆ ಹಳೆಯದರತ್ತ ಬರಲು ತಿಂಗಳುಗಳು ಹಿಡಿದವು. ಹುಡುಕುತ್ತಿರುವುದು ನೂರಾರು ನ್ಯಾನೊಸೆಕೆಂಡುಗಳ ಏರಿಳಿತವನ್ನು. ಇಂಥದ್ದೊಂದನ್ನು ಸರಿಯಾಗಿ ಬೇರ್ಪಡಿಸದಿದ್ದರೆ ಓರೆ ಕೆಡುತ್ತದೆ.

ಇಕ್ಕಟ್ಟಿನಿಂದ ಹೊರಬರುವ ದಾರಿಗಳು

ಮೂರು ದಾರಿಗಳಿವೆ, ಮೂರಕ್ಕೂ ಒಂದೊಂದು ಬೆಲೆಯಿದೆ.

ಮೊದಲನೆಯದು ಸೂಪರ್‌ಸ್ಟ್ರಿಂಗ್. ಸ್ಟ್ರಿಂಗ್ ಸಿದ್ಧಾಂತದಿಂದ ಬರುವ ಉದ್ದ ತಂತುಗಳು ಹಾಯುವಾಗೆಲ್ಲ ತುದಿ ಅದಲು ಬದಲು ಮಾಡಿಕೊಳ್ಳಬೇಕೆಂದಿಲ್ಲ. ಹೆಚ್ಚುವರಿ ಆಯಾಮಗಳಲ್ಲಿ ತಪ್ಪಿಸಿಕೊಂಡು ಹೋಗಬಹುದು. ಕೂಡುವ ಸಂಭವ ಸಾವಿರದಲ್ಲಿ ಒಂದಕ್ಕೂ ಇಳಿಯಬಹುದು. ಕುಣಿಕೆ ಕತ್ತರಿಸುವುದು ಕಷ್ಟವಾದರೆ ತಂತುಗಳ ಬಲೆ ದಟ್ಟವಾಗುತ್ತದೆ, ಸದ್ದು ಹೆಚ್ಚುತ್ತದೆ. ಹಾಗಾಗಿ ಜಿ-ಮ್ಯೂ 10⁻¹¹ ಅಥವಾ ಅದಕ್ಕೂ ಕೆಳಗೆ ಇಳಿಸಿ ಏರನ್ನು ಪಡೆದು, ಕಳೆದುಹೋದ ಬಲವನ್ನು ದಟ್ಟಣೆಯಿಂದ ತುಂಬಬಹುದು. ಬೆಲೆ ಏನೆಂದರೆ, ಒಂದರ ಬದಲು ಎರಡು ಹೊಂದಿಸುವ ತಿರುಗಣೆ ಸಿಕ್ಕಿತು. ಜತೆಗೆ ಅಪರೂಪಕ್ಕೆ ಕೂಡುವ ಬಲೆ ಹೇಗೆ ವರ್ತಿಸುತ್ತದೆ ಎಂಬ ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ.

ಎರಡನೆಯದು ತುಂಡಾಗುವ ತಂತು. ಮಹಾ ಏಕೀಕರಣದ ಸಿದ್ಧಾಂತಗಳಲ್ಲಿ ಸಮ್ಮಿತಿ ಹಂತ ಹಂತವಾಗಿ ಮುರಿಯುತ್ತದೆ. ಮೊದಲ ಹಂತದ ಏಕಧ್ರುವಗಳು ಎರಡನೇ ಹಂತದ ತಂತುವಿನ ನಡುವೆ ಜೋಡಿಯಾಗಿ ಹುಟ್ಟಿ ಅದನ್ನು ಕತ್ತರಿಸಬಹುದು. ಉದ್ದದ, ನಿಧಾನದ ಕುಣಿಕೆಗಳು ಹುಟ್ಟುವ ಮೊದಲೇ ಬಲೆ ಚೂರಾದರೆ ಕಡಿಮೆ ಆವರ್ತನದಲ್ಲಿ ಸದ್ದು ಕುಸಿಯುತ್ತದೆ, ರೋಹಿತ ಆವರ್ತನದ ವರ್ಗದಂತೆ ಏರುತ್ತದೆ. ಅಳೆದ 1.8ಕ್ಕೆ ಇದು ಎಷ್ಟು ಹತ್ತಿರ ನೋಡಿ. ಆದರೆ ಕತ್ತರಿಸುವ ದರದಲ್ಲಿ ಒಂದು ಘಾತೀಯ ಗುಣಕವಿದೆ. ಏಕಧ್ರುವದ ರಾಶಿಯನ್ನು ತಂತುವಿನ ಬಿಗಿತದ ವರ್ಗಮೂಲದಿಂದ ಭಾಗಿಸಿದರೆ ಬರುವ ಸಂಖ್ಯೆ ಸುಮಾರು 8 ಆಗಿರಬೇಕು. ದರ ಆ ಸಂಖ್ಯೆಯ ವರ್ಗವನ್ನು ಪೈಯಿಂದ ಗುಣಿಸಿದಷ್ಟು ಘಾತದಲ್ಲಿ ಕುಗ್ಗುತ್ತದೆ. 8 ಇದ್ದಲ್ಲಿ 8.2 ಇಟ್ಟರೆ ಘಾತ 201ರಿಂದ 211ಕ್ಕೆ ಏರಿ, ದರ 26,000 ಪಟ್ಟು ಕಡಿಮೆಯಾಗುತ್ತದೆ. ಇಷ್ಟು ಇಕ್ಕಟ್ಟಾದ ಕಿಂಡಿಯಲ್ಲಿ ಪ್ರಕೃತಿ ನಮಗಾಗಿ ನಿಂತಿದೆ ಎಂದು ನಂಬಲು ಮನಸ್ಸು ಹಿಂಜರಿಯುತ್ತದೆ. ಆದರೂ ಈ ದಾರಿಗೆ ಒಂದು ದೊಡ್ಡ ಗುಣವಿದೆ. ಇಲ್ಲಿ ಜಿ-ಮ್ಯೂ 10⁻⁷ರಷ್ಟು ಭಾರವಿರಬೇಕು, ಹಾಗಿದ್ದರೆ ಬಯಲು ನೆಲದ ಮೇಲಿನ ಗುರುತ್ವದ ಅಲೆ ಪತ್ತೆಯಂತ್ರವಾದ ಲೈಗೊ ಕೇಳುವ ಹತ್ತಾರು ಹರ್ಟ್ಸ್‌ವರೆಗೂ ಚಾಚಿರುತ್ತದೆ. ಲೈಗೊದ ಮಿತಿ ಈಗಾಗಲೇ 2×10⁻⁷ರ ಹತ್ತಿರ ಬಂದು ಕೂತಿದೆ. ಉಳಿದ ಜಾಗ ಕಡಿಮೆ.

ಮೂರನೆಯದು ಗೋಡೆ. 1974ರಲ್ಲೇ ಜೆಲ್ಡೊವಿಚ್, ಕೊಬ್ಜಾರೆವ್, ಒಕುನ್ ತೋರಿಸಿದ ಹಾಗೆ ಗೋಡೆಗಳು ಉಳಿದರೆ ವಿಶ್ವವನ್ನೇ ನುಂಗುತ್ತವೆ. ಉಳಿದದ್ದರ ಸಾಂದ್ರತೆ ಕಾಲದ ವರ್ಗಕ್ಕೆ ವಿಲೋಮವಾಗಿ ಇಳಿದರೆ ಗೋಡೆಯದ್ದು ಕಾಲಕ್ಕೆ ವಿಲೋಮವಾಗಿ ಮಾತ್ರ. ಹಾಗಾಗಿ ಎರಡು ಆಯ್ಕೆಗಳಲ್ಲಿ ಒಂದು ತುಸು ಕೆಳಗಿದ್ದು, ಗೋಡೆಗಳು ಹೊತ್ತಿಗೆ ಸರಿಯಾಗಿ ಕುಸಿಯಬೇಕು. 100 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಉಷ್ಣತೆಯಲ್ಲಿ ಕುಸಿದರೆ ಅಲೆಯ ನೆತ್ತಿ 10 ನ್ಯಾನೊಹರ್ಟ್ಸ್ ಹತ್ತಿರ ಬೀಳುತ್ತದೆ. ಬೆಲೆ ಏನೆಂದರೆ, ಕುಸಿದ ಗೋಡೆಗಳ ಅಷ್ಟೂ ಶಕ್ತಿ ಎಲ್ಲಿ ಹೋಯಿತು ಎಂದು ಹೇಳಬೇಕು. ಕಾಣದ ಕಣಗಳಿಗೆ ಹೋಗಿದ್ದರೆ, ಸ್ವಲ್ಪ ಹೊತ್ತಿನ ನಂತರ ಹೀಲಿಯಮ್ ಬೀಜಗಳು ಕೂಡಿದಾಗಿನ ಅಳತೆ ಕೆಡುತ್ತದೆ.

ಗ್ರಿಡ್‌ನ ಮಿತಿ

ಇಷ್ಟೆಲ್ಲದರ ತಳದಲ್ಲಿ ಕೂತಿರುವುದು ಆ ಕುಣಿಕೆ. ಅದರ ಸಂಖ್ಯೆ ಎಷ್ಟು, ಆಯುಷ್ಯ ಎಷ್ಟು? ಲೈಗೊ, ವರ್ಗೊ, ಕಾಗ್ರಾ ತಂಡಗಳು ಮೂರನೇ ವೀಕ್ಷಣಾ ಅವಧಿಯ ದತ್ತಾಂಶದಿಂದ 2021ರಲ್ಲಿ ತಂತುಗಳಿಗೆ ಮಿತಿ ಹಾಕಿದಾಗ ಒಂದು ಎಣಿಕೆಯ ಪ್ರಕಾರ ಜಿ-ಮ್ಯೂ 4×10⁻¹⁵ಕ್ಕಿಂತ ಕೆಳಗಿರಬೇಕು ಎಂದು ಬಂತು. ಇನ್ನೊಂದು ಎಣಿಕೆ ಹಿಡಿದರೆ ಅದೇ ದತ್ತಾಂಶ 10⁻⁸ರ ಆಸುಪಾಸಿನವರೆಗೂ ಬಿಡುತ್ತದೆ. ಅಳತೆ ಒಂದೇ, ಯಂತ್ರ ಒಂದೇ, ನಡುವೆ 10 ಲಕ್ಷ ಪಟ್ಟಿನ ಅಂತರ. ಸಣ್ಣ ಕುಣಿಕೆಗಳು ಎಷ್ಟು ಹುಟ್ಟುತ್ತವೆ ಎಂಬ ಊಹೆಯೊಂದೇ ಬದಲಾಗಿದೆ.

ಇನ್ನೂ ಆಳದ ತಕರಾರು ಬೇರೆ ಇದೆ. ಕುಣಿಕೆಯನ್ನು ಲೆಕ್ಕ ಹಾಕಲು ಎರಡು ಬಗೆ. ಒಂದರಲ್ಲಿ ತಂತುವಿಗೆ ದಪ್ಪವೇ ಇಲ್ಲ, ಬರೀ ಗೆರೆ. ನಂಬು–ಗೊಟೊ ಸಮೀಕರಣ ಅದನ್ನು ನಡೆಸುತ್ತದೆ. ಈ ಲೆಕ್ಕದಲ್ಲಿ ಕುಣಿಕೆ ಗುರುತ್ವದ ಅಲೆಯಿಂದಲ್ಲದೆ ಬೇರೆ ರೀತಿ ಸವೆಯುವ ದಾರಿಯೇ ಇಲ್ಲ. ಇನ್ನೊಂದರಲ್ಲಿ ಕ್ಷೇತ್ರವನ್ನೇ ಒಂದು ಗ್ರಿಡ್ ಮೇಲೆ ಇಟ್ಟು ತಣಿಸುತ್ತಾರೆ. ತಂತು ತಾನಾಗಿ ಹುಟ್ಟುತ್ತದೆ. ಅಂಥ ಸಿಮ್ಯುಲೇಶನ್‌ಗಳಲ್ಲಿ ಬಲೆಯಿಂದ ಕಳಚಿದ ಕುಣಿಕೆಗಳು ಕೆಲವೇ ತೂಗಾಟಗಳಲ್ಲಿ ಕಣಗಳಾಗಿ ಚೆದುರಿಹೋಗುವುದು ಕಂಡಿದೆ. ಅದೇ ನಿಜವಾದರೆ ಗುರುತ್ವದ ಅಲೆಗೆ ಉಳಿಯುವುದು ಹೆಚ್ಚೇನೂ ಇಲ್ಲ. ನಡಿಗೆಯ ವೇಗದ ಸವೆತ, 690ನೇ ವರ್ಷದ ಹುಟ್ಟು, ಗುಡ್ಡ, ಬಯಲು, ಎಲ್ಲವೂ ಹೋಯಿತು.

ಯಾರು ಸರಿ ಎಂದು ನೇರವಾಗಿ ಲೆಕ್ಕ ಹಾಕಿ ತೀರ್ಮಾನಿಸಲಾಗದ ಕಾರಣ ಬರೀ ಅಂಕಗಣಿತದ್ದು. ತಂತುವಿನ ದಪ್ಪದಲ್ಲಿ ಗ್ರಿಡ್‌ನ ಕೆಲವು ಬಿಂದುಗಳಾದರೂ ಇರಬೇಕು, ಇಲ್ಲದಿದ್ದರೆ ತಂತು ಗ್ರಿಡ್‌ಗೆ ಸಿಕ್ಕಿ ನಿಂತುಬಿಡುತ್ತದೆ. ಒಂದು ಬದಿಗೆ ಕೆಲವು ಸಾವಿರ ಬಿಂದುಗಳ ಗ್ರಿಡ್ ದೊಡ್ಡ ಯಂತ್ರಗಳಿಗೇ ಭಾರ. ಹಾಗಾಗಿ ಕುಣಿಕೆ ತನ್ನ ದಪ್ಪದ ಸಾವಿರ ಪಟ್ಟು ಉದ್ದ ಇರುವುದೇ ಕಷ್ಟ. ನಮ್ಮ 69 ಜ್ಯೋತಿರ್ವರ್ಷದ ಕುಣಿಕೆಯ ಉದ್ದ ಅದರ ದಪ್ಪದ 10⁴⁷ ಪಟ್ಟು. ಇನ್ನೊಂದು ತೊಡಕು: ಗ್ರಿಡ್ ವಿಶ್ವದ ಜತೆ ಹಿಗ್ಗುತ್ತದೆ, ತಂತುವಿನ ದಪ್ಪ ಹಿಗ್ಗುವುದಿಲ್ಲ. ಹೊತ್ತು ಕಳೆದಂತೆ ತಂತು ಬಿಂದುಗಳ ನಡುವೆ ಜಾರಿಹೋಗುತ್ತದೆ. ಇದಕ್ಕೆ ಪ್ರೆಸ್, ರೈಡನ್, ಸ್ಪರ್ಗೆಲ್ 1989ರಲ್ಲಿ ಗೋಡೆಗಳಿಗೆಂದು ಹೇಳಿದ ಉಪಾಯವನ್ನು ತಂತುಗಳಿಗೂ ಬಳಸುತ್ತಾರೆ: ಸಮೀಕರಣ ತಿದ್ದಿ ತಂತುವನ್ನೂ ಗ್ರಿಡ್ ಜತೆ ಉಬ್ಬಿಸುವುದು. ಜಾರುವುದು ನಿಲ್ಲುತ್ತದೆ, ಆದರೆ ಆಗ ನೋಡುತ್ತಿರುವುದು ನಿಜವಾದ ತಂತುವನ್ನಲ್ಲ, ಉಬ್ಬಿದ್ದನ್ನು. ಕುಣಿಕೆ ಕಣಗಳಾಗಿ ಚೆದುರುವುದು ದಪ್ಪಕ್ಕೂ ಬಾಗಿಗೂ ಇರುವ ಅನುಪಾತದಿಂದಲೇ ನಿರ್ಧಾರವಾಗುವುದರಿಂದ ಈ ತಿದ್ದುಪಡಿ ಮುಟ್ಟುವುದು ನೋಯುವ ಜಾಗವನ್ನೇ.

ಬಲೆಯಿಂದ ಬಿದ್ದ ಕುಣಿಕೆಗಳು ಹುಟ್ಟಿನಿಂದಲೇ ಸುಕ್ಕುಸುಕ್ಕಾಗಿರುತ್ತವೆ. ಅದಕ್ಕೇ ಕೆಲವರು ಬೇಕಾದ ಆಕಾರದ ನಯವಾದ ಕುಣಿಕೆಯನ್ನು ಗ್ರಿಡ್ ಮೇಲೆ ಕೈಯಾರೆ ಕಟ್ಟಿ ಬಿಡುತ್ತಾರೆ. ಅಂಥವು ಹೆಚ್ಚು ಕಾಲ ಬದುಕುತ್ತವೆ, ಉದ್ದ ಹೆಚ್ಚಿದಂತೆ ಆಯುಷ್ಯ ಉದ್ದಕ್ಕಿಂತ ಬೇಗ ಬೆಳೆಯುತ್ತದೆ. ಅದೇ ಪ್ರವೃತ್ತಿ 10⁴⁷ರವರೆಗೂ ಮುಂದುವರಿದರೆ ಜ್ಯೋತಿರ್ವರ್ಷಗಳ ಕುಣಿಕೆಗೆ ಕಣಗಳಾಗಿ ಚೆದುರುವ ಭಯವಿಲ್ಲ. ನನ್ನ ಒಲವೂ ಆ ಕಡೆಗೇ, ಯಾಕೆಂದರೆ ಕಣವಾಗಿ ಚೆದುರಲು ತಂತು ತನ್ನ ದಪ್ಪದಷ್ಟೇ ಚಿಕ್ಕ ಜಾಗದಲ್ಲಿ ಬಾಗಬೇಕು, ಅಷ್ಟು ಉದ್ದದ ಕುಣಿಕೆಯಲ್ಲಿ ಅಂಥ ಜಾಗಗಳು ತೀರಾ ಕಡಿಮೆ. ಆದರೆ ಸಾವಿರ ಪಟ್ಟಿನವರೆಗಿನ ಲೆಕ್ಕವನ್ನು 10⁴⁷ ಪಟ್ಟಿನವರೆಗೆ ಚಾಚುವಾಗ, ಹೀಲಿಯಮ್ ಕೋಶದ ಆ ಸಣ್ಣ ಕೊಳವೆ ನೆನಪಾಗುತ್ತದೆ.

ಆಕಾಶವೇ ಕೆಲವನ್ನು ಬಿಡಿಸಿ ಹೇಳಬಹುದು. ಕಪ್ಪುಕುಳಿ ಜೋಡಿಗಳು ಎಣಿಸುವಷ್ಟೇ ಇರುವುದರಿಂದ ಸದ್ದು ಆಕಾಶದ ಎಲ್ಲ ಕಡೆಯಿಂದ ಸಮನಾಗಿ ಬರಲಾರದು. ಪಲ್ಸಾರ್‌ಗಳು ಹೆಚ್ಚಿದಂತೆ ಒಂದು ಕಡೆ ದಟ್ಟ, ಒಂದು ಕಡೆ ತೆಳು ಎಂದು ಕಾಣಬೇಕು, ಹತ್ತಿರದ ಒಂದೆರಡು ಜೋಡಿ ಬೇರೆಯಾಗಿಯೂ ಕೇಳಬೇಕು. ಮೊದಲ ಕ್ಷಣಗಳಿಂದ ಬಂದ ಸದ್ದಾದರೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಸಮ. ಅಮೆರಿಕ, ಯುರೋಪ್, ಭಾರತ, ಆಸ್ಟ್ರೇಲಿಯದ ದತ್ತಾಂಶಗಳನ್ನು ಒಟ್ಟಿಗೆ ಸೇರಿಸುವ ಕೆಲಸ ಇದೇ ಕಾರಣಕ್ಕೆ ದೊಡ್ಡದು. ಇನ್ನೊಂದು ತುದಿಯಲ್ಲಿ ಬಾಹ್ಯಾಕಾಶದ ಗುರುತ್ವದ ಅಲೆ ಪತ್ತೆಯಂತ್ರ ಲೀಸಾ ಇದೆ: 25 ಲಕ್ಷ ಕಿಲೋಮೀಟರ್ ಅಂತರದಲ್ಲಿ ಮೂರು ನೌಕೆಗಳು, ಹಾರುವುದು 2035ರ ಸುಮಾರಿಗೆ. ಕುಣಿಕೆಗಳು ನಂಬು–ಗೊಟೊ ಹೇಳಿದಂತೆಯೇ ಬದುಕುತ್ತವೆ ಎಂದಾದರೆ ಅದು ಜಿ-ಮ್ಯೂ 10⁻¹⁷ರವರೆಗೂ ಕೇಳಬಲ್ಲದು. ಪಲ್ಸಾರ್‌ಗಳು ಕೇಳುತ್ತಿರುವುದು ತಂತುವೇ ಆದರೆ ಅದೇ ರೋಹಿತದ ಬಯಲು ಮಿಲಿಹರ್ಟ್ಸ್‌ನಲ್ಲಿ ಲೀಸಾಗೆ ಕೇಳಲೇಬೇಕು. ಗೋಡೆಗಳದ್ದಾದರೆ ನೆತ್ತಿಯಿಂದ ಆವರ್ತನಕ್ಕೆ ವಿಲೋಮವಾಗಿ ಇಳಿಯುತ್ತಾ ಬಂದು ಅಷ್ಟರಲ್ಲಿ ಲಕ್ಷ ಪಟ್ಟು ಕುಗ್ಗಿರುತ್ತದೆ.